ಗರ್ಭಿಣಿಯರ ಆಯಾಸ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ಪೀಠಿಕೆ

‘ಬಸುರಿ ಎಂದ ಮೇಲೆ ಸುಸ್ತು ಇದ್ದದ್ದೇ’ ಎಂಬ ಮಾತು ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಲ್ಲಿಯೂ ಕೇಳಿಬರುತ್ತದೆ, ಹನೂರು ಯಳಂದೂರುಗಳಲ್ಲಿಯೂ ಕೇಳಿಬರುತ್ತದೆ. ಈ ಮಾತು ಅರ್ಧ ಮಾತ್ರ ಸತ್ಯ. ವಿಶ್ರಾಂತಿಯಿಂದ ನೀಗುವ ಆಯಾಸ ಒಂದು. ರಕ್ತಹೀನತೆಯಿಂದ ಬರುವ ಆಯಾಸ ಇನ್ನೊಂದು. ಎರಡನೆಯದನ್ನು ಮೊದಲನೆಯದೆಂದು ಭಾವಿಸಿ ಸುಮ್ಮನಿದ್ದಲ್ಲಿ ತಾಯಿ ಮಗು ಇಬ್ಬರಿಗೂ ಅಪಾಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇಕಡ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಎರಡೂ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳ ವಿಷಯಗಳಾಗಿರುವುದರಿಂದ, ಇದು ಮನೆಯೊಳಗಿನ ಸಂಗತಿ ಮಾತ್ರವಲ್ಲ.

1. ಆಯಾಸ ಏಕೆ ಬರುತ್ತದೆ?

ಮೊದಲ ಮೂರು ತಿಂಗಳಲ್ಲಿ ದೇಹದ ಹಾರ್ಮೋನುಗಳ ಬದಲಾವಣೆ ಹಾಗೂ ವಾಂತಿಯಿಂದ ನಿದ್ದೆ, ಜಡತೆ ಹೆಚ್ಚು. ನಡುವಿನ ತಿಂಗಳುಗಳಲ್ಲಿ ಇದು ತುಸು ಇಳಿದು, ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಭಾರ ಮತ್ತು ನಿದ್ರಾಭಂಗದಿಂದ ಮರಳುತ್ತದೆ. ಇದು ಸಹಜ.

ಇದೇ ಅವಧಿಯಲ್ಲಿ ರಕ್ತದ ದ್ರವಭಾಗ ಸುಮಾರು ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಕೆಂಪು ರಕ್ತಕಣಗಳು ಅಷ್ಟು ಹೆಚ್ಚುವುದಿಲ್ಲ. ಓವರ್‌ಹೆಡ್ ಟ್ಯಾಂಕಿಗೆ ಹೆಚ್ಚು ನೀರು ತುಂಬಿಸಿ, ಬ್ಲೀಚಿಂಗ್ ಪುಡಿಯನ್ನು ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಏನಾಗುತ್ತದೆಂದು ಸದಸ್ಯರಿಗೆ ತಿಳಿದೇ ಇದೆ. ರಕ್ತವೂ ಹಾಗೆಯೇ ತೆಳುವಾಗುತ್ತದೆ. ಮೊದಲೇ ಕಬ್ಬಿಣಾಂಶ ಕಡಿಮೆ ಇರುವ ಹೆಣ್ಣುಮಗಳಿಗೆ ಈ ಕೊರತೆ ಕಾಯಿಲೆಯಾಗಿ ಪರಿಣಮಿಸುತ್ತದೆ.

2. ಗುರುತಿಸುವ ಬಗೆ

ಕಣ್ಣಂದಾಜು ಸಾಲದು, ಹಿಮೋಗ್ಲೋಬಿನ್ ಪರೀಕ್ಷೆಯೇ ಆಧಾರ. ಗರ್ಭಿಣಿಯರಲ್ಲಿ ಇದು 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ. ತೀವ್ರ ರಕ್ತಹೀನತೆ ಇರುವವರು ಹೆರಿಗೆಯ ವೇಳೆ ಇತರರು ತಾಳಬಲ್ಲಷ್ಟು ರಕ್ತಸ್ರಾವವನ್ನೂ ತಾಳಲಾರರು. ಫಲಿತಾಂಶ ತಾಯಿ ಕಾರ್ಡಿನಲ್ಲಿ ದಾಖಲಾಗಿರಬೇಕು. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ಇರುತ್ತದೆ.

ಕುಳಿತಲ್ಲಿಯೇ ಏದುಸಿರು, ಎದೆಬಡಿತ, ಮುಖ ಕೈಗಳ ಬಾವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು – ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.

ಸೋಲಿಗರ ಪೋಡುಗಳಿರುವ ಪಂಚಾಯಿತಿಗಳು ಇನ್ನೊಂದು ಅಂಶವನ್ನು ಗಮನಿಸಬೇಕು. ಈ ಸಮುದಾಯದಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಹೀನತೆ ಕಂಡುಬಂದಿದೆ. ಇದು ಕಬ್ಬಿಣದ ಮಾತ್ರೆಯಿಂದ ಮಾತ್ರ ನೀಗುವುದಿಲ್ಲ; ಪ್ರತ್ಯೇಕ ರಕ್ತಪರೀಕ್ಷೆ ಮತ್ತು ವೈದ್ಯರ ನಿಗಾ ಅಗತ್ಯ.

3. ಮಾತ್ರೆ, ಆಹಾರ, ವಿಶ್ರಾಂತಿ

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಸೇವಿಸಬೇಕು. ರಕ್ತಹೀನತೆ ಕಂಡುಬಂದಲ್ಲಿ ಪ್ರಮಾಣವನ್ನು ವೈದ್ಯರು ಹೆಚ್ಚಿಸುತ್ತಾರೆ. ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬುದು ತಪ್ಪು ನಂಬಿಕೆ. ಕಪ್ಪಾಗುವುದು ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟದ ನಂತರ ಸೇವಿಸಬಹುದು; ನಿಲ್ಲಿಸಬಾರದು. ಚಹಾ, ಕಾಫಿ ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ತೆಗೆದುಕೊಂಡರೆ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ.

ರಾಗಿ ಮುದ್ದೆಯೊಂದಿಗೆ ಸೊಪ್ಪಿನ ಸಾರು, ಹುರುಳಿ, ಕಾಳು, ಮೊಟ್ಟೆ, ಜೊತೆಗೆ ನಿಂಬೆರಸ – ಇವೆಲ್ಲ ಊರಿನಲ್ಲಿಯೇ ದೊರೆಯುತ್ತವೆ. ‘ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟ’ ಎಂದು ಊಟ ಕಡಿತ ಮಾಡುವುದು ಸಲ್ಲದು. ರಾತ್ರಿ 8 ಗಂಟೆ ನಿದ್ದೆ, ಹಗಲು 2 ಗಂಟೆ ಎಡಮಗ್ಗುಲಿನ ವಿಶ್ರಾಂತಿ ಬೇಕು. ನೀರು ಹೊರುವ, ಸೌದೆ ತರುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳದ ಹೊರತು ಈ ವಿಶ್ರಾಂತಿ ದೊರೆಯದು.

4. ಪಂಚಾಯಿತಿ ಮಾಡಬಹುದಾದುದು

ಗರ್ಭಿಣಿಯ ಆಯಾಸದ ಒಂದು ಪಾಲು ಪಂಚಾಯಿತಿಯ ಕೈಯಲ್ಲಿಯೇ ಇದೆ. ಬೀದಿಯ ನಲ್ಲಿ ಕೆಟ್ಟು ನಾಲ್ಕು ದಿನವಾದರೆ ಆ ನಾಲ್ಕು ದಿನ ಕೊಡ ಹೊರುವವರಲ್ಲಿ ಗರ್ಭಿಣಿಯೂ ಇರುತ್ತಾಳೆ. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿಯಲ್ಲಿ ದೊರೆಯುತ್ತದೆ. ಆದರೆ ತುಂಬು ಗರ್ಭಿಣಿ ಬಿಸಿಲಿನಲ್ಲಿ ದೂರ ನಡೆಯಬೇಕಾದಲ್ಲಿ ಊಟವೇ ತಪ್ಪುತ್ತದೆ. ಅಂತಹ ಮನೆಗಳನ್ನು ಗುರುತಿಸಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಗಮನಕ್ಕೆ ತರಬೇಕು. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಗರ್ಭಿಣಿಯರಿಗೆ ಕೆಲಸದ ಪ್ರಮಾಣದಲ್ಲಿ ನೀಡಲಾಗಿರುವ ಶೇಕಡ 50ರ ರಿಯಾಯಿತಿಯನ್ನು ಕಾಯಕ ಬಂಧುಗಳ ಮೂಲಕ ಎಲ್ಲರಿಗೂ ತಿಳಿಸಬೇಕು. ಸ್ಥಳದಲ್ಲಿ ನೆರಳು, ಕುಡಿಯುವ ನೀರು ಇರಲೇಬೇಕು.

ಕಾವೇರಿ ತೀರದ ಮುಳ್ಳೂರು, ದಾಸನಪುರ, ಹಳೇ ಅಣಗಳ್ಳಿಯಂತಹ ಗ್ರಾಮಗಳಿಗೆ ಪ್ರವಾಹದ ಆತಂಕವೂ ಇದೆ. ಮಳೆಗಾಲಕ್ಕೆ ಮುನ್ನವೇ ಹೆರಿಗೆ ದಿನಾಂಕ ಸಹಿತ ಗರ್ಭಿಣಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಸಿದ್ಧವಿಟ್ಟುಕೊಂಡು, ಸ್ಥಳಾಂತರದ ಸಂದರ್ಭದಲ್ಲಿ ಮೊದಲ ವಾಹನ ಅವರಿಗೆ ದೊರೆಯುವಂತೆ ನೋಡಿಕೊಳ್ಳಬೇಕು. ಮಾತ್ರೆಯ ಪೊಟ್ಟಣ ಮತ್ತು ತಾಯಿ ಕಾರ್ಡ್ ಅವರ ಜೊತೆಗಿರಬೇಕು.

5. ಮಾಸಿಕ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ಗ್ರಾಮದಲ್ಲಿ ನೋಂದಾಯಿತ ಗರ್ಭಿಣಿಯರೆಷ್ಟು? ಈ ತಿಂಗಳು ಹಿಮೋಗ್ಲೋಬಿನ್ ಪರೀಕ್ಷೆ ಆದವರೆಷ್ಟು?
ಆ) 7 ಗ್ರಾಂಗಿಂತ ಕಡಿಮೆ ಇರುವವರೆಲ್ಲರೂ ಆಸ್ಪತ್ರೆ ತಲುಪಿದ್ದಾರೆಯೇ?
ಇ) ಉಪಕೇಂದ್ರದಲ್ಲಿ ಮಾತ್ರೆಗಳ ದಾಸ್ತಾನು ಇದೆಯೇ?
ಈ) ಅಂಗನವಾಡಿ ಊಟಕ್ಕೆ ಬಾರದವರೆಷ್ಟು? ಕಾರಣವೇನು?

ಸಭೆಯಲ್ಲಿ ಸಂಖ್ಯೆಯನ್ನು ಮಾತ್ರ ಕೇಳತಕ್ಕದ್ದು. ಯಾರೊಬ್ಬರ ಹೆಸರನ್ನೂ ಕಾಯಿಲೆಯನ್ನೂ ಓದಿ ಹೇಳಬಾರದು. ಗರ್ಭಿಣಿಯೊಬ್ಬಳು ‘ಸುಸ್ತು’ ಎಂದಾಗ ‘ಅದು ಇದ್ದದ್ದೇ’ ಎನ್ನುವ ಬದಲು ‘ರಕ್ತಪರೀಕ್ಷೆ ಆಯಿತೇನಮ್ಮ?’ ಎಂದು ಕೇಳುವ ರೂಢಿ ಪ್ರತಿ ವಾರ್ಡಿನಲ್ಲಿಯೂ ಬಂದರೆ ಈ ಪಾಠದ ಉದ್ದೇಶ ಈಡೇರಿದಂತೆ.