ಮೂಲೆಯನ್ನು ಮೊಲವೇ ಆರಿಸಲಿ

ತಮ್ಮಾ, ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನುವ ಹಟದವರು ಬೇರೆಲ್ಲಾದರೂ ಗೆದ್ದಾರು, ಮೊಲ ಸಾಕಿದ ಮನೆಯಲ್ಲಿ ಮಾತ್ರ ಸೋಲುತ್ತಾರೆ. ಬೀಜ ತೆಗೆಸಿದ ಮೇಲೂ ನಿನ್ನ ಎಳೆ ಮೊಲ ಟ್ರೇ ಬಿಟ್ಟು ಕೌದಿಯ ಮೇಲೆ ಉಚ್ಚೆ ಹೊಯ್ಯುತ್ತದೆ ಅಂತ ನಿನಗೆ ಸಿಟ್ಟು. ಮೊಲಕ್ಕೆ ಸೇಡೂ ಗೊತ್ತಿಲ್ಲ, ಸೊಕ್ಕೂ ಗೊತ್ತಿಲ್ಲ. ಬೈಯಬೇಡ, ಮೂತಿ ಹಿಡಿದು ಒದ್ದೆಗೆ ತಿಕ್ಕಬೇಡ. ಇನ್ನೊಂದು ಪ್ರಾಣಿಗೆ ಬೇಟೆಯಾಗುವ ಜೀವ ಅದು. ಹೆದರಿಸಿದರೆ ಮಂಚದಡಿ ಸೇರಿಕೊಂಡು ಅಲ್ಲೇ ಹೊಲಸು ಮಾಡುತ್ತದೆ.

ಮೊದಲು ಆಪರೇಷನ್ ಆಗಿ ಎಷ್ಟು ದಿನವಾಯಿತು ಅಂತ ಎಣಿಸು. ದೇವಣಿ ಹೋರಿ ಕಟ್ಟಿದ ಔರಾದ ಕಡೆಯ ರೈತರನ್ನು ಕೇಳಿದರೆ ಹೇಳುತ್ತಾರೆ, ಬೀಜ ಒಡೆಸಿದ ಮರುದಿನವೇ ಹೋರಿಯ ಗುಣ ತಣ್ಣಗಾಗುವುದಿಲ್ಲ. ಮೊಲದ್ದೂ ಹಾಗೆಯೇ. ಮೈಯೊಳಗಿನ ಹಾರ್ಮೋನು ಇಳಿದು ಚಾಳಿ ಬಿಡಲು 4ರಿಂದ 8 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗಂಡು ಮೊಲ ಗೋಡೆಗೆ ಉಚ್ಚೆ ಸಿಡಿಸುವುದು, ಮನೆ ತುಂಬ ಹಿಕ್ಕೆ ಚೆಲ್ಲುವುದು ಇದ್ದದ್ದೇ. ಇದೇ ದಿನಗಳಲ್ಲಿ ಅದನ್ನು ಹೆಣ್ಣಿನ ಜೊತೆ ಬಿಡಬೇಡ; ಆಪರೇಷನ್ ಆದ ಕೆಲವು ವಾರ ಅದು ಇನ್ನೂ ಮರಿ ಹುಟ್ಟಿಸಬಲ್ಲದು.

ಎರಡನೆಯದು, ಏನು ಬಿದ್ದಿದೆ ನೋಡು. ಅಲ್ಲಲ್ಲಿ ಒಣ ಹಿಕ್ಕೆ ಬಿದ್ದಿದ್ದರೆ ಅದು ‘ಈ ಜಾಗ ನನ್ನದು’ ಅನ್ನುವ ಗುರುತು. ದಿನಾ ಒಂದೇ ಕಡೆ ಉಚ್ಚೆ ಮಾಡುತ್ತಿದ್ದರೆ ಅದು ತನ್ನ ಪಾಯಖಾನೆ ಆರಿಸಿಕೊಂಡಾಗಿದೆ. ನೀನು ಟ್ರೇಯನ್ನು ಬಾಗಿಲ ಹಿಂದೆ ಇಟ್ಟು ಮೊಲವನ್ನು ಅಲ್ಲಿಗೆ ಎಳೆಯುವ ಬದಲು, ಅದು ಆರಿಸಿದ ಮೂಲೆಗೇ ಟ್ರೇ ಒಯ್ದಿಡು. ಎರಡು ಮೂಲೆ ಆರಿಸಿದ್ದರೆ ಎರಡು ಟ್ರೇ ಇಡು. ಅರ್ಧ ಜಗಳ ಇಲ್ಲಿಗೇ ಮುಗಿಯುತ್ತದೆ.

ಮೊಲ ಮೇಯುತ್ತ ಮೇಯುತ್ತಲೇ ಹಿಕ್ಕೆ ಹಾಕುತ್ತದೆ. ಆದ್ದರಿಂದ ಒಣಹುಲ್ಲನ್ನು ಟ್ರೇಯ ಒಂದು ತುದಿಯಲ್ಲೇ ಇಡು. ಟ್ರೇ ಅದು ಮೈ ಚಾಚಿ ಮಲಗುವಷ್ಟು ದೊಡ್ಡದಿರಲಿ. ತಳಕ್ಕೆ ಹಳೆಯ ಪೇಪರ್, ಮೇಲೆ ಹುಲ್ಲು, ಅಷ್ಟು ಸಾಕು. ನೀರು ಬಿದ್ದರೆ ಮುದ್ದೆಗಟ್ಟುವ ಬೆಕ್ಕಿನ ಲಿಟರ್ ತರಬೇಡ, ತಿಂದರೆ ಕರುಳು ಕಟ್ಟಿಕೊಳ್ಳುತ್ತದೆ. ಸಾಮಿಲ್ಲಿನ ಕಟ್ಟಿಗೆ ಪುಡಿಯೂ ಬೇಡ, ಅದರ ಧೂಳು ಉಸಿರಿಗೆ ಕೆಟ್ಟದ್ದು. ಟ್ರೇ ತೊಳೆದಾಗ ನಾಲ್ಕು ಹಿಕ್ಕೆ, ಒಂದು ಚೂರು ಒದ್ದೆ ಪೇಪರ್ ಅದರಲ್ಲೇ ಉಳಿಸು. ಆ ವಾಸನೆಯೇ ಅದಕ್ಕೆ ದಾರಿ ತೋರಿಸುತ್ತದೆ. ತಪ್ಪಿದ ಜಾಗಕ್ಕೆ ಮಾತ್ರ ಫಿನಾಯಿಲ್ ಸುರಿಯದೆ, ಬಿಳಿ ವಿನೆಗರ್‌ಗೆ ನೀರು ಬೆರೆಸಿ ಒರೆಸು. ಉಚ್ಚೆಯ ಬಿಳಿ ಕಲೆಯೂ ಹೋಗುತ್ತದೆ, ವಾಸನೆಯೂ ಹೋಗುತ್ತದೆ.

ಇಡೀ ಮನೆಯನ್ನು ಒಮ್ಮೆಲೇ ಬಿಟ್ಟುಕೊಡಬೇಡ. ಒಂದು ಮೂಲೆಗೆ ಅಡ್ಡ ಕಟ್ಟಿ ಅಷ್ಟರಲ್ಲೇ ಇಡು. ಅಲ್ಲಿ ತಪ್ಪದೆ ಟ್ರೇ ಬಳಸಿದರೆ ಪಡಸಾಲೆ, ಆಮೇಲೆ ಉಳಿದ ಕೋಣೆ. ಮತ್ತೆ ತಪ್ಪಿದರೆ ಒಂದು ಹೆಜ್ಜೆ ಹಿಂದೆ ಬಾ. ಶಹಾಬಾದ ಫರಶಿಯ ಮೇಲೆ ಮೊಲದ ಪಾದ ಜಾರುತ್ತದೆ, ಟ್ರೇಗೆ ಹೋಗುವ ದಾರಿಗೆ ಹಳೆಯ ಜಮಖಾನ ಹಾಸು. ಕೌದಿ, ಗಾದಿ ಮೆತ್ತಗಿರುವುದರಿಂದ ಉಚ್ಚೆಗೆ ಅವೇ ಅದಕ್ಕೆ ಇಷ್ಟ. ಸ್ವಲ್ಪ ಕಾಲ ಮಲಗುವ ಕೋಣೆಯ ಬಾಗಿಲು ಮುಚ್ಚಿಡು.

ಇಷ್ಟು ದಿನ ಸರಿಯಾಗಿದ್ದ ಮೊಲ ದಿಢೀರನೆ ಟ್ರೇ ಮರೆತರೆ ಅದು ರೋಗದ ಸುಳಿವು ಇದ್ದೀತು. ತಿಣುಕಿ ಉಚ್ಚೆ ಮಾಡುವುದು, ಹಿಂಗಾಲು ಸದಾ ಒದ್ದೆ ಇರುವುದು, ಕಲಸಿದ ಸುಣ್ಣದಂಥ ಗಟ್ಟಿ ಉಚ್ಚೆ ಕಂಡರೆ ಡಾಕ್ಟರಿಗೆ ತೋರಿಸು. ಕುದುರೆ ಮಸಾಲೆ ಸೊಪ್ಪು ಎಮ್ಮೆಗೆ ಒಳ್ಳೆಯದೆಂದು ಬೆಳೆದ ಮೊಲಕ್ಕೂ ದಿನಾ ಹಾಕಿದರೆ, ಅದರ ಹೆಚ್ಚಿನ ಕ್ಯಾಲ್ಸಿಯಂ ಮೂತ್ರಕೋಶದಲ್ಲಿ ತಳಕಟ್ಟಬಹುದು. ಕೆಂಪು ಉಚ್ಚೆ ಎಷ್ಟೋ ಸಲ ತಿಂದ ಸೊಪ್ಪಿನ ಬಣ್ಣ, ಆದರೂ ರಕ್ತವಲ್ಲವೆಂದು ಡಾಕ್ಟರೇ ಹೇಳಲಿ. ಅರ್ಧ ದಿನ ಮೇವು ಮುಟ್ಟದಿದ್ದರೆ ಮಾತ್ರ ಕಾಯಲೇಬೇಡ, ಆಗ ಅದು ತುರ್ತು.

ಭಾಲ್ಕಿ, ಔರಾದಿನ ಪಶು ಡಾಕ್ಟರರ ಕೈ ಪಳಗಿರುವುದು ಹೆಚ್ಚಾಗಿ ದನ, ಎಮ್ಮೆ, ಆಡುಗಳಲ್ಲಿ. ಮೊಲ ನೋಡುತ್ತಾರೋ ಇಲ್ಲವೋ ಮೊದಲೇ ಕೇಳಿಟ್ಟುಕೋ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಅಲ್ಲಿನ ಕಾಲೇಜಿನಲ್ಲಿ ವಿಚಾರಿಸು. ಎರಡೂ ಊರುಗಳಿಂದ ಸುಮಾರು 40 ಕಿಲೋಮೀಟರ್ ದಾರಿ. ನಮ್ಮ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಮೊಲಕ್ಕೆ 30 ಡಿಗ್ರಿ ಮೀರಿದರೇ ಕಷ್ಟ. ಅದಕ್ಕೇ ಬೆಳಗಿನ ಜಾವವೇ ಹೊರಡು. ಮೆಡಿಕಲ್ ಅಂಗಡಿಯ ಮಾತ್ರೆ ಚೂರು ಮಾಡಿ ಕೊಡುವ ಜಾಣತನ ಬೇಡ. ನಮಗೆ ಗುಣ ಕೊಡುವ ಅಮಾಕ್ಸಿಸಿಲಿನ್ ಬಾಯಿಯಿಂದ ಹೋದರೆ ಮೊಲದ ಕರುಳು ಕೆಟ್ಟು ಜೀವವೇ ಹೋಗಬಹುದು.

ಎಲ್ಲ ಸರಿಹೋದ ಮೇಲೂ ಅಲ್ಲೊಂದು ಇಲ್ಲೊಂದು ಹಿಕ್ಕೆ ಉರುಳಿಯೇ ಉರುಳುತ್ತದೆ. ಅದಕ್ಕೆ ಮುಖ ಗಂಟಿಕ್ಕಬೇಡ. ಗುಡಿಸಿ ಗುಲಾಬಿ ಗಿಡದ ಬುಡಕ್ಕೆ ಹಾಕು. ಕೊಳೆಸುವ ಗೊಡವೆಯಿಲ್ಲದೆ ನೇರ ಹಾಕಬಹುದಾದ ಗೊಬ್ಬರ, ಅದೂ ಬಿಟ್ಟಿ.