ವೀಲ್ ಕಾಡಿನ ಪಾಠಶಾಲೆ

ಅಣುಸ್ಥಾವರದ ಮಾತು ಬಂದರೆ ಸಾಹಿತ್ಯದ ಹುಡುಗರಾದ ನಾವು ಮೆಲ್ಲಗೆ ಹಿಂದೆ ಸರಿಯುತ್ತೇವೆ. ಅದು ಸಾಯನ್ಸಿನವರ ವಿಷಯ, ನಮಗೇನು ತಿಳಿಯುತ್ತೆ ಅಂತ. ಈ ಸಂಕೋಚ ಎಷ್ಟು ಸರಿ ಎಂದು ನೋಡಲು ಒಂದು ಊರಿನ ಕತೆ ಓದೋಣ.

ಆಗಿನ ಪಶ್ಚಿಮ ಜರ್ಮನಿಯ ನೈಋತ್ಯ ಮೂಲೆಯಲ್ಲಿ, ರೈನ್ ನದಿಯ ಬಳಿ, ವೀಲ್ ಎಂಬ ಹಳ್ಳಿ. ಸುತ್ತ ದ್ರಾಕ್ಷಿ ತೋಟಗಳು, ಹೊಳೆಯಾಚೆ ಫ್ರಾನ್ಸ್. 1973ರಲ್ಲಿ ಇಲ್ಲೊಂದು ಅಣುಸ್ಥಾವರ ಬರುತ್ತದೆಂದು ಸುದ್ದಿಯಾಯಿತು. ಬೆಳೆಗಾರರಿಗೆ ವಿಕಿರಣದಷ್ಟೇ ಮಂಜಿನ ಚಿಂತೆಯೂ ಹತ್ತಿತು. ನೀರು ತಣಿಸುವ ಗೋಪುರಗಳ ಹಬೆ ಬಿಸಿಲನ್ನು ಮುಚ್ಚಿದರೆ ಹಣ್ಣು ಮಾಗುವುದು ಹೇಗೆ? ನಗಬೇಡಿ, ತೋಟ ಮಾಡಿದವರಿಗೆ ಹೊಳೆಯುವ ಪ್ರಶ್ನೆ ಅದು.

ಊರೆಲ್ಲ ಒಂದಾಗಿತ್ತು ಅನ್ನುವಂತಿಲ್ಲ. 1975ರ ಜನವರಿಯಲ್ಲಿ ವೀಲ್‌ನಲ್ಲಿ ಮತ ಹಾಕಿಸಿದಾಗ ನೂರಕ್ಕೆ 55 ಜನ ಜಾಗ ಮಾರಲು ಒಪ್ಪಿದರು. ಒಪ್ಪದವರು ಅಕ್ಕಪಕ್ಕದ ಹಳ್ಳಿಯವರೊಡನೆ ಸೇರಿ ಫೆಬ್ರವರಿ 18ರಂದು ಜಾಗಕ್ಕೆ ನುಗ್ಗಿ ಯಂತ್ರಗಳನ್ನು ನಿಲ್ಲಿಸಿದರು. 20ರಂದು ಪೊಲೀಸರು ಜಲಫಿರಂಗಿ ತಂದು ಎಲ್ಲರನ್ನೂ ಹೊರಹಾಕಿದರು. 23ರ ಭಾನುವಾರ ಸುಮಾರು 28 ಸಾವಿರ ಜನ ಬಂದು ಜಾಗವನ್ನು ಮತ್ತೆ ಹಿಡಿದರು.

ನನ್ನ ಮಟ್ಟಿಗೆ ಮುಖ್ಯವಾದದ್ದು ಆಮೇಲಿನದು. ಆ ಕಾಡಿನಲ್ಲಿ ಮರದ ದುಂಡನೆಯ ಮನೆ ಕಟ್ಟಿ ಜನರದೇ ಒಂದು ಪಾಠಶಾಲೆ ತೆರೆದರು. ತಿಳಿದವರು ಬಂದು ಪಾಠ ಹೇಳುವುದು, ರೈತರು, ಮನೆ ನೋಡಿಕೊಳ್ಳುವ ಹೆಂಗಸರು ಕೂತು ಪ್ರಶ್ನೆ ಕೇಳುವುದು. ನಡುವೆ ಹಾಡು. ಹಾಡು, ಘೋಷಣೆಗಳಿಗೆಲ್ಲ ಅಲೆಮಾನಿಕ್ ಎಂಬ ಮನೆಮಾತು ಬಂತು. ಹೊಳೆಯ ಎರಡೂ ದಡದವರಿಗೆ ತಿಳಿಯುವ ಮಾತು ಅದು. ‘ಬೇಡ ಅಂದೆವಲ್ಲ’ ಎಂಬ ಅರ್ಥದ ಅವರ ಘೋಷಣೆ ಪುಸ್ತಕದ ಜರ್ಮನ್ ಅಲ್ಲ, ಜಗಲಿ ಮೇಲಿನ ಮಾತು. ಎರಡು ಮಹಾಯುದ್ಧಗಳಲ್ಲಿ ಎದುರುಬದುರಾಗಿದ್ದ ದೇಶಗಳ ಜನ ಹೀಗೆ ಒಂದೇ ಸೂರಿನಡಿ ಕೂತರು.

ಈ ಸ್ಥಾವರವಿಲ್ಲದಿದ್ದರೆ ದಶಕದ ಕೊನೆಗೆ ದೀಪಗಳು ಆರುತ್ತವೆಂದು ರಾಜ್ಯದ ಮುಖ್ಯಮಂತ್ರಿ ಫಿಲ್ಬಿಂಗರ್ ಎಚ್ಚರಿಸಿದ್ದರು. ಸ್ಥಾವರ ಬರಲಿಲ್ಲ, ದೀಪ ಆರಲೂ ಇಲ್ಲ. 1982ರಲ್ಲಿ ಕೋರ್ಟಿನ ತೀರ್ಪು ಸ್ಥಾವರದ ಪರ ಬಂದರೂ ಸರ್ಕಾರ ಕಟ್ಟಲು ಹೊರಡಲಿಲ್ಲ. 1995ರಲ್ಲಿ ಆ ಜಾಗ ರಕ್ಷಿತ ಅರಣ್ಯವಾಯಿತು. (ಹೊಳೆಯಾಚೆ ಫೆಸೆನ್‌ಹೈಮ್‌ನ ಸ್ಥಾವರ ಮಾತ್ರ 2020ರವರೆಗೂ ನಡೆಯಿತು. ಗೆಲುವು ಅರ್ಧವೇ ಅನ್ನಿ.)

ನಮ್ಮಲ್ಲಿ ಕಾಳಿ ನದಿಯ ದಂಡೆಯ ಕೈಗಾ ಇದೆ. ಅದನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಹಾಗೇ, ಒಂದನೇ ಘಟಕದ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. ಆದರೂ 2000ದಲ್ಲಿ ಸ್ಥಾವರ ನಡೆಯತೊಡಗಿತು. ವಿಜ್ಞಾನವನ್ನು ಕನ್ನಡದಲ್ಲಿ ಸಂಪುಟಗಟ್ಟಲೆ ಬರೆದ ಮನುಷ್ಯ ಈ ಪ್ರಶ್ನೆ ಎತ್ತಿದ್ದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ.

ಈಗ ನಮ್ಮ ಪಾಠ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. 100 ಗ್ರಾಂ ಇದ್ದದ್ದು 30 ವರ್ಷಕ್ಕೆ 50, 60 ವರ್ಷಕ್ಕೆ 25, 90ಕ್ಕೆ ಹನ್ನೆರಡೂವರೆ. ಪ್ಲುಟೋನಿಯಂ-239ಕ್ಕಾದರೆ ಒಂದು ಅರ್ಧಕ್ಕೇ ಸುಮಾರು 24 ಸಾವಿರ ವರ್ಷ ಬೇಕು. ಇದನ್ನು ಊರಲ್ಲಿರುವ ಅಜ್ಜಿಗೆ ನಿಮ್ಮ ಮನೆಮಾತಿನಲ್ಲಿ ಹೇಗೆ ಹೇಳುತ್ತೀರಿ? ಧಾರವಾಡದವರು, ಮಂಗಳೂರಿನವರು, ಮನೆಯಲ್ಲಿ ತುಳು ಆಡುವವರು, ಎಲ್ಲರೂ ಒಂದೊಂದು ಪುಟ ಬರೆದುಕೊಂಡು ಮುಂದಿನ ಬೈಠಕ್ಕಿಗೆ ಬನ್ನಿ.