ದಸರಾ ರಜೆಯ ಓದು: ಹತ್ತನೇ ತರಗತಿಗೆ ಒಂದು ಯೋಜನಾ ಪಾಠ

ತರಗತಿ: 10    ವಿಷಯ: ಗಣಿತ    ಅವಧಿ: 40 ನಿಮಿಷ
ಸಾಮಗ್ರಿ: ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ, ಪಠ್ಯಪುಸ್ತಕ, ಒಂದು ಹಾಳೆ

ಹಿನ್ನೆಲೆ

ನಮ್ಮ ಬೋಧನಾಭ್ಯಾಸದ ಶಾಲೆಗಳು ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿವೆ. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಯಾದಗಿರಿ ಜಿಲ್ಲೆ ಶೇ. 50.59 ಫಲಿತಾಂಶ ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ವಾರ್ಷಿಕ ಪರೀಕ್ಷೆಗೆ ಮೊದಲು ಸಿಗುವ ದೊಡ್ಡ ಬಿಡುವೆಂದರೆ ದಸರಾ ರಜೆ. ಆದರೆ ನಮ್ಮ ಕಡೆ ಹತ್ತಿ ಬಿಡಿಸುವ ಕೆಲಸ ಶುರುವಾಗುವುದೂ ಆಗಲೇ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ಹುಡುಗಿಗೆ ‘ದಿನಕ್ಕೆ ಆರು ತಾಸು ಓದು’ ಎಂಬ ವೇಳಾಪಟ್ಟಿ ಕೊಟ್ಟರೆ ಅದು ಮೊದಲ ದಿನವೇ ಮುರಿಯುತ್ತದೆ. ಎರಡನೇ ದಿನ ಆಕೆ ಪಟ್ಟಿಯನ್ನು ನೋಡುವುದೇ ಇಲ್ಲ. ಆದ್ದರಿಂದ ರಜೆಯ ಓದಿನ ಯೋಜನೆ ಮಗುವಿಗೆ ನಿಜವಾಗಿ ಸಿಗುವ ವೇಳೆಯಿಂದ ಮತ್ತು ಅದರ ಉತ್ತರಪತ್ರಿಕೆಯ ತಪ್ಪುಗಳಿಂದ ಹುಟ್ಟಬೇಕು. ಈ ಪಾಠವನ್ನು ನಾನು ಆ ದೃಷ್ಟಿಯಿಂದ ರೂಪಿಸಿದ್ದೇನೆ.

ಉದ್ದೇಶಗಳು

ವಿದ್ಯಾರ್ಥಿಯು,
1. ರಜೆಯಲ್ಲಿ ತನಗೆ ಸಿಗುವ ವೇಳೆಯನ್ನು ಗುರುತಿಸುವನು.
2. ತನ್ನ ತಪ್ಪುಗಳನ್ನು ವರ್ಗೀಕರಿಸುವನು.
3. 10 ದಿನಗಳ ಯೋಜನೆಯನ್ನು ಒಂದೇ ಹಾಳೆಯಲ್ಲಿ ಬರೆಯುವನು.

ಪಾಠದ ಬೆಳವಣಿಗೆ

ಹಂತ 1: ವೇಳೆಯ ಲೆಕ್ಕ (10 ನಿಮಿಷ). ರಜೆಯ ದಿನಗಳನ್ನು ಕೆಲಸದ ದಿನ, ಹಬ್ಬದ ದಿನ, ಬಿಡುವಿನ ದಿನ ಎಂದು ಮೂರು ಬಗೆಯಾಗಿ ಬರೆಸುತ್ತೇನೆ. ಕೆಲಸದ ದಿನ ಬೆಳಗಿನ ಜಾವ ಅರ್ಧ ತಾಸು, ರಾತ್ರಿ ಊಟಕ್ಕೆ ಮೊದಲು ಅರ್ಧ ತಾಸು ಸಾಕು. ಮಹಾನವಮಿ, ಬನ್ನಿ ಕೊಡುವ ದಿನ ಓದು ಬೇಡ. ಯೋಜನೆಯಲ್ಲೇ ಅದನ್ನು ಬಿಡುವೆಂದು ಬರೆದಿದ್ದರೆ ಮನಸ್ಸಿಗೆ ಅಳುಕಿರುವುದಿಲ್ಲ. ಬಿಡುವಿನ ದಿನ ಎರಡು ತಾಸು.

ಹಂತ 2: ತಪ್ಪುಗಳ ವಿಂಗಡಣೆ (15 ನಿಮಿಷ). ಅಂಕ ಹೋದ ಪ್ರತಿ ಪ್ರಶ್ನೆಯ ಪಕ್ಕ ಮೂರರಲ್ಲಿ ಒಂದು ಗುರುತು: ‘ಗೊತ್ತಿರಲಿಲ್ಲ’, ‘ಮರೆತೆ’, ‘ಎಡವಿದೆ’. ಉದಾಹರಣೆಗೆ, 2, 7, 12, ... ಶ್ರೇಢಿಯ 10ನೇ ಪದ ಕೇಳಿದಾಗ ಉತ್ತರ 2 + 9 × 5 = 47. ಸೂತ್ರವನ್ನು a + (n – 1)d ಎಂದು ಸರಿಯಾಗಿಯೇ ಬರೆದು, 9ರ ಬದಲು 10ರಿಂದ ಗುಣಿಸಿ 52 ಎಂದವನು ಎಡವಿದವನು. ಅವನು ಅದೇ ಬಗೆಯ ಐದು ಲೆಕ್ಕ ಮಾಡಿದರೆ ಸಾಕು. ಸೂತ್ರವೇ ನೆನಪಾಗದವನು ಪುಸ್ತಕ ಮುಚ್ಚಿ ಅದನ್ನು ಬರೆದು ನೋಡಬೇಕು. ಸಾಮಾನ್ಯ ವ್ಯತ್ಯಾಸ ಎಂದರೇನೆಂದೇ ತಿಳಿಯದವನಿಗೆ ರಜೆಗೆ ಮೊದಲೇ ನಾವು ಮತ್ತೆ ಕಲಿಸಬೇಕು. ಆ ಕೆಲಸವನ್ನು ಮನೆಗೆ ಕಳಿಸಬಾರದು.

ಹಂತ 3: ಹಾಳೆ ತುಂಬಿಸುವುದು (15 ನಿಮಿಷ). ಒಂದು ದಿನಕ್ಕೆ ಒಂದೇ ಅಂಶ. ಮೊದಲ ದಿನ ಮಾಡಿದ್ದನ್ನು ಮೂರನೇ ದಿನ ಮತ್ತು ಎಂಟನೇ ದಿನ ಪುಸ್ತಕ ನೋಡದೆ ಮತ್ತೆ ಬರೆಯಬೇಕು. ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಳ್ಳಬಹುದು. ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದರೂ ಅದು ಜೊತೆಗಿರುತ್ತದೆ, ಮೊಬೈಲ್ ಬೇಕಿಲ್ಲ.

ಪುಸ್ತಕ ಮುಚ್ಚುವುದು ಏಕೆ?

ರಜೆಗೆ ನಾವು ಸಾಮಾನ್ಯವಾಗಿ ಕೊಡುವ ಮನೆಗೆಲಸ ಪ್ರಶ್ನೋತ್ತರಗಳನ್ನು ನಕಲು ಮಾಡುವುದು. ಕೈ ದಣಿಯುತ್ತದೆ, ನೆನಪಿನ ಶಕ್ತಿಗೆ ಕೆಲಸವಿರುವುದಿಲ್ಲ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ಎರಡು ಸಲ ಓದಿದರು; ಇನ್ನೊಂದು ಗದ್ಯಭಾಗವನ್ನು ಒಮ್ಮೆ ಓದಿ, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಎರಡು ಸಲ ಓದಿದ್ದರಲ್ಲಿ ಶೇ. 42, ನೆನಪಿನಿಂದ ಬರೆದಿದ್ದರಲ್ಲಿ ಶೇ. 56 ಉಳಿದಿತ್ತು. ನಮ್ಮ ಮಕ್ಕಳಿಗೆ ಬೇಕಾದದ್ದು ತಿಂಗಳುಗಟ್ಟಲೆ ಉಳಿಯುವ ನೆನಪು. ದಿನಕ್ಕೆ ಒಂದೇ ತಾಸು ಸಿಗುವ ಮಗುವಿಗೆ ಆ ತಾಸು ನಕಲಿನಲ್ಲಿ ಕಳೆಯುವುದು ದುಬಾರಿ.

ಮೌಲ್ಯಮಾಪನ

ಪಾಠದ ಕೊನೆಗೆ ಪ್ರತಿ ವಿದ್ಯಾರ್ಥಿಯನ್ನು ಎರಡು ಪ್ರಶ್ನೆ ಕೇಳುತ್ತೇನೆ: ನಾಳೆ ಎಷ್ಟು ಗಂಟೆಗೆ ಕೂರುತ್ತೀ? ಯಾವ ಲೆಕ್ಕದಿಂದ ಶುರು ಮಾಡುತ್ತೀ? ಎರಡಕ್ಕೂ ಹಾಳೆ ನೋಡದೆ ಉತ್ತರ ಬಂದರೆ ಯೋಜನೆ ಅವನದಾಗಿದೆ ಎಂದರ್ಥ.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಶಾಲೆ ಮತ್ತೆ ತೆರೆದ ದಿನ ಎಷ್ಟು ಪುಟ ಬರೆದಿದ್ದಾರೆಂದು ಎಣಿಸಬೇಡಿ. ಅವರೇ ಗುರುತಿಸಿದ ತಪ್ಪುಗಳ ಮೇಲೆ ಹತ್ತು ಅಂಕದ ಕಿರುಪರೀಕ್ಷೆ ಕೊಡಿ. ನಾಲ್ಕೇ ದಿನ ಓದಲು ಸಾಧ್ಯವಾದ ಮಗುವಿನ ಹಾಳೆಯನ್ನೂ ಸಹಿ ಮಾಡಿ ಮರಳಿಸಿ; ಉಳಿದ ಆರು ದಿನಗಳ ಅಂಶಗಳನ್ನು ಮುಂದಿನ ಭಾನುವಾರಗಳಿಗೆ ಹಂಚಿಕೊಡಿ.